ಹೌಸ್ ಸರ್ಜನ್‌ನ ರಾತ್ರಿ ದುಡಿಮೆಗೆ ಬೆಲೆ ಎಷ್ಟು?

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಎಂಬಿಬಿಎಸ್ ಪರೀಕ್ಷೆ ಮುಗಿಸಿ ಒಂದು ವರ್ಷದ ಕಡ್ಡಾಯ ತರಬೇತಿಯಲ್ಲಿರುವವರನ್ನು ‘ಹೌಸ್ ಸರ್ಜನ್’ ಎಂದು ಕರೆಯುವ ರೂಢಿ ಇಂದಿಗೂ ಇದೆ. ಸರಕಾರಿ ಆಸ್ಪತ್ರೆಗೆ ರಾತ್ರಿ ಹೊತ್ತು ರೋಗಿಯನ್ನು ಕರೆದೊಯ್ದವರಿಗೆ ಮೊದಲು ಎದುರಾಗುವವರು ಇವರು, ಇಲ್ಲವೇ ಇವರಿಗಿಂತ ಒಂದೆರಡು ಮೆಟ್ಟಿಲು ಮೇಲಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು. ಫಲಕದಲ್ಲಿ ಹಿರಿಯ ತಜ್ಞರ ಹೆಸರಿರುತ್ತದೆ. ಆದರೆ ಚೀಟಿ ಬರೆಯುವ, ರಕ್ತ ತೆಗೆಯುವ, ಹೊಲಿಗೆ ಹಾಕುವ, ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವ ಕೆಲಸವೆಲ್ಲ ಇವರದೇ. ಇವರು ಮುಷ್ಕರ ಹೂಡಿದಾಗ ನಾವು ಕೇಳುವ ಪ್ರಶ್ನೆ ಒಂದೇ: ವೈದ್ಯರು ರೋಗಿಗಳನ್ನು ಬಿಟ್ಟು ಬೀದಿಗಿಳಿಯುವುದು ಸರಿಯೇ? ಅದು ಕೇಳಬೇಕಾದ ಪ್ರಶ್ನೆಯೇ ಹೌದು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಈ ಮನುಷ್ಯ ಕೊನೆಯ ಬಾರಿ ಮಲಗಿದ್ದು ಯಾವಾಗ?

ಈ ಪ್ರಶ್ನೆಗೆ ಒಂದು ದೀರ್ಘ ಇತಿಹಾಸವಿದೆ. ನಮ್ಮ ಆಸ್ಪತ್ರೆಗಳ ಏಣಿಶ್ರೇಣಿ, ವಾರ್ಡು, ರೌಂಡ್ಸು, ‘ಹೌಸ್ ಸರ್ಜನ್’ ಎಂಬ ಪದ, ಎಲ್ಲವೂ ಬಂದಿರುವುದು ಬ್ರಿಟನ್ನಿನಿಂದ. ಆದ್ದರಿಂದ ಕಿರಿಯ ವೈದ್ಯರ ಸಂಬಳ ಮತ್ತು ದುಡಿಮೆಯ ಅವಧಿಯ ಕುರಿತು ಅಲ್ಲಿ ನಡೆದ ಹೋರಾಟವನ್ನು ಅರಿತುಕೊಳ್ಳುವುದು ನಮಗೆ ಪ್ರಯೋಜನಕಾರಿ. ಆ ಹೋರಾಟದಲ್ಲಿ ಭಾರತೀಯ ವೈದ್ಯರ ಪಾಲೂ ಇದೆ.

ಮನೆ ಎಂಬ ಪದದ ಹಿಂದೆ

‘ಹೌಸ್ ಸರ್ಜನ್’ ಎಂಬ ಹೆಸರಿನಲ್ಲಿರುವ ‘ಮನೆ’ ಆಸ್ಪತ್ರೆಯೇ. 18ನೇ ಶತಮಾನದಲ್ಲಿ ಬ್ರಿಟನ್ನಿನ ನಗರಗಳಲ್ಲಿ ಧರ್ಮಾರ್ಥ ಆಸ್ಪತ್ರೆಗಳು ಒಂದರ ಹಿಂದೆ ಒಂದರಂತೆ ತಲೆಯೆತ್ತಿದವು. 1725ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೈಸ್ ಆಸ್ಪತ್ರೆ ಅವುಗಳಲ್ಲೊಂದು. ಶ್ರೀಮಂತರ ದಾನದತ್ತಿಗಳಿಂದ ನಡೆಯುತ್ತಿದ್ದ ಇಂತಹ ಆಸ್ಪತ್ರೆಗಳಲ್ಲಿ ಬಡವರಿಗೆ ಚಿಕಿತ್ಸೆ ಉಚಿತವಾಗಿ ಸಿಗುತ್ತಿತ್ತು. ಹಿರಿಯ ವೈದ್ಯರು ಅಲ್ಲಿ ಗೌರವ ಸೇವೆ ಸಲ್ಲಿಸುತ್ತಿದ್ದರು. ಅವರ ಗಳಿಕೆಯೆಲ್ಲ ಹೊರಗಿನ ಶ್ರೀಮಂತ ರೋಗಿಗಳಿಂದ. ಅವರು ದಿನದ ಕೆಲವು ಗಂಟೆ ಬಂದು ಹೋದ ಮೇಲೆ ಉಳಿದ ಹಗಲು, ಇಡೀ ರಾತ್ರಿ ರೋಗಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಆಸ್ಪತ್ರೆಯ ಕಟ್ಟಡದಲ್ಲೇ ವಾಸವಿದ್ದು ಆ ಕೆಲಸ ಮಾಡುತ್ತಿದ್ದ ಯುವ ವೈದ್ಯನೇ ಹೌಸ್ ಸರ್ಜನ್.

ಅವನಿಗೆ ಊಟ, ಹಾಸಿಗೆ ಸಿಗುತ್ತಿದ್ದವು. ಸಂಬಳ ಅಲ್ಪ, ಹಲವೆಡೆ ಅದೂ ಇಲ್ಲ. ಆದರೂ ಆ ಹುದ್ದೆಗೆ ಪೈಪೋಟಿ ಇತ್ತು. ಏಕೆಂದರೆ ಅಲ್ಲಿ ಪ್ರಸಿದ್ಧ ವೈದ್ಯರ ಕೈಕೆಳಗೆ ಕಲಿಯಬಹುದಿತ್ತು, ಮುಂದೆ ಅವರ ಶಿಫಾರಸಿನಿಂದ ದೊಡ್ಡ ಹುದ್ದೆ ಸಿಗುತ್ತಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಡೆಯುವ ವಿಧಾನವನ್ನು ಜಗತ್ತಿಗೆ ಕೊಟ್ಟ ಜೋಸೆಫ್ ಲಿಸ್ಟರ್ 1854ರಲ್ಲಿ ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಅವರ ಹೌಸ್ ಸರ್ಜನ್ ಆಗಿದ್ದವರು. ಮುಂದೆ ಅವರು ಸೈಮ್ ಅವರ ಅಳಿಯನೂ ಆದರು.

ಅಂದರೆ ಈ ವ್ಯವಸ್ಥೆ ಕೆಲವು ಷರತ್ತುಗಳ ಮೇಲೆ ನಿಂತಿತ್ತು. ವೈದ್ಯ ಯುವಕನಾಗಿರಬೇಕು, ಅವಿವಾಹಿತನಾಗಿರಬೇಕು, ಮನೆಯ ಹೊಣೆ ಇರಬಾರದು. ಅವಧಿ ಆರು ತಿಂಗಳೋ ಒಂದು ವರ್ಷವೋ ಮಾತ್ರ. ಅದು ಮುಗಿದ ಬಳಿಕ ಒಳ್ಳೆಯ ಗಳಿಕೆ ಖಚಿತ. ಅವನು ಎಷ್ಟು ಗಂಟೆ ದುಡಿದ ಎಂಬ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಮನೆಯಲ್ಲೇ ಇರುವವನ ಕೆಲಸಕ್ಕೆ ಗಂಟೆಯ ಲೆಕ್ಕ ಎಲ್ಲಿಯದು?

ಸರಕಾರ ಯಜಮಾನನಾದಾಗ

1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂತು. ಗಣಿ ಕಾರ್ಮಿಕರ ಮನೆತನದಿಂದ ಬಂದ ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಅದರ ರೂವಾರಿ. ಧರ್ಮಾರ್ಥ ಆಸ್ಪತ್ರೆಗಳು, ನಗರಸಭೆಯ ಆಸ್ಪತ್ರೆಗಳು ಎಲ್ಲವೂ ಸರಕಾರದ ಕೈಗೆ ಬಂದವು. ರೋಗಿ ಹಣ ಕೊಡಬೇಕಾಗಿಲ್ಲ ಎಂಬುದು ಅದರ ಮೂಲ ತತ್ವ. ಮನುಷ್ಯಕುಲದ ಇತಿಹಾಸದಲ್ಲಿ ಅದೊಂದು ದೊಡ್ಡ ಹೆಜ್ಜೆ ಎಂಬುದರಲ್ಲಿ ಸಂದೇಹವಿಲ್ಲ.

ಹಿರಿಯ ತಜ್ಞರನ್ನು ಒಲಿಸಿಕೊಳ್ಳಲು ಬೆವನ್ ಉದಾರವಾಗಿ ನಡೆದುಕೊಂಡರು. ಅವರಿಗೆ ಸಂಬಳ ಸಿಕ್ಕಿತು, ಜೊತೆಗೆ ಖಾಸಗಿ ರೋಗಿಗಳನ್ನು ನೋಡುವ ಹಕ್ಕೂ ಉಳಿಯಿತು. ಕಿರಿಯ ವೈದ್ಯರಿಗೂ ಸಂಬಳ ನಿಗದಿಯಾಯಿತು. ಆದರೆ ಅವರ ಕೆಲಸದ ಸ್ವರೂಪ ಬದಲಾಗಲಿಲ್ಲ. ಅವರು ಆಸ್ಪತ್ರೆಯಲ್ಲೇ ವಾಸವಿರಬೇಕು, ಕರೆದಾಗ ಏಳಬೇಕು. ದಾನಿಗಳ ಆಸ್ಪತ್ರೆಗೆ ಇದ್ದ ಅಭ್ಯಾಸವನ್ನು ಸರಕಾರ ಹಾಗೆಯೇ ಮುಂದುವರಿಸಿತು.

ಅಷ್ಟೇ ಅಲ್ಲ, ಮೊದಲು ಐಚ್ಛಿಕವಾಗಿದ್ದುದು ಕಡ್ಡಾಯವಾಯಿತು. 1950ರ ವೈದ್ಯಕೀಯ ಕಾಯ್ದೆಯ ಪ್ರಕಾರ, 1953ರಿಂದ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯದೆ ಯಾರೂ ಪೂರ್ಣ ನೋಂದಣಿ ಪಡೆಯುವಂತಿರಲಿಲ್ಲ. ಕಲಿಕೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ದುಡಿಮೆಯ ದೃಷ್ಟಿಯಿಂದ ನೋಡಿದರೆ, ‘ಇಲ್ಲ’ ಎನ್ನಲಾಗದ ಒಂದು ಕಾರ್ಮಿಕ ವರ್ಗ ಸರಕಾರಕ್ಕೆ ಪ್ರತಿವರ್ಷ ಸಿಗತೊಡಗಿತು. ಅವರು ಕೆಲಸಗಾರರೋ, ಕಲಿಯುವವರೋ? ಡ್ಯೂಟಿ ಹಂಚುವಾಗ ಕೆಲಸಗಾರರು, ಸಂಬಳದ ಮಾತು ಬಂದಾಗ ಕಲಿಯುವವರು. ಈ ಇಬ್ಬಗೆಯ ಲೆಕ್ಕ ಅಲ್ಲಿಂದ ನಮ್ಮಲ್ಲಿಗೂ ಬಂದಿದೆ.

ಸಮುದ್ರ ದಾಟಿ ಬಂದವರು

1950 ಮತ್ತು 60ರ ದಶಕಗಳಲ್ಲಿ ಆಸ್ಪತ್ರೆಗಳ ಕೆಲಸ ಬೆಳೆಯಿತು. ಇತ್ತ ಬ್ರಿಟಿಷ್ ವೈದ್ಯರು ಹೆಚ್ಚಿನ ಸಂಬಳ, ಉತ್ತಮ ಅವಕಾಶಗಳನ್ನು ಅರಸಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಿಗೆ ಹೋಗತೊಡಗಿದರು. ಖಾಲಿಯಾದ ಜಾಗ ತುಂಬಿದವರು ಭಾರತ, ಪಾಕಿಸ್ತಾನ, ಶ್ರೀಲಂಕಾಗಳಿಂದ ಬಂದ ವೈದ್ಯರು. ಭಾರತದ ವೈದ್ಯಕೀಯ ಪದವಿಗೆ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಮಾನ್ಯತೆ 1975ರವರೆಗೂ ಇತ್ತು. 1924ರಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು, ಸ್ವಾತಂತ್ರ್ಯಾನಂತರ ಹುಟ್ಟಿದ ಮಣಿಪಾಲ, ಬೆಂಗಳೂರು, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಕಲಿತ ಕನ್ನಡಿಗರೂ ಈ ಸಾಲಿನಲ್ಲಿ ಸೇರಿದರು.

ಅವರಿಗೆ ಸಿಕ್ಕಿದ್ದು ಯಾವ ಹುದ್ದೆ? ಲಂಡನ್ನಿನ ಹೆಸರಾಂತ ಬೋಧನಾ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಅವರಿಗೆ ಜಾಗ ಸಿಗುವುದು ಅಪರೂಪವಾಗಿತ್ತು. ಸಿಗುತ್ತಿದ್ದುದು ಕೈಗಾರಿಕಾ ಪಟ್ಟಣಗಳ ಚಿಕ್ಕ ಆಸ್ಪತ್ರೆಗಳು, ವೃದ್ಧರ ವಾರ್ಡುಗಳು, ಮನೋರೋಗದ ಆಸ್ಪತ್ರೆಗಳು. ಸ್ಥಳೀಯರು ಬಿಟ್ಟ ಹುದ್ದೆಗಳಿಗೆ ಇವರು ಬಂದರು. ಹುದ್ದೆಯ ಅವಧಿ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಮುಂದಿನ ಹುದ್ದೆ ಸಿಗಬೇಕಾದರೆ ಈಗಿನ ಹಿರಿಯರ ಶಿಫಾರಸು ಪತ್ರ ಬೇಕು. ಊರಿನಲ್ಲಿ ಹಣಕ್ಕಾಗಿ ಕಾದಿರುವ ತಂದೆ ತಾಯಿ, ಬಾಡಿಗೆ ಮನೆಯಲ್ಲಿ ಹೆಂಡತಿ ಮಕ್ಕಳು. ಹೀಗಿರುವಾಗ ಹೆಚ್ಚುವರಿ ರಾತ್ರಿ ಡ್ಯೂಟಿಯ ಕುರಿತು ದೂರು ಕೊಡಲು ಯಾರಿಗೆ ಧೈರ್ಯವಿತ್ತು?

1960ರಿಂದ 63ರವರೆಗೆ ಆರೋಗ್ಯ ಸಚಿವರಾಗಿದ್ದವರು ಈನಕ್ ಪವೆಲ್. ಅವರ ಕಾಲದಲ್ಲಿ ಸರಕಾರಿ ಆಸ್ಪತ್ರೆಗಳ ವಾರ್ಡುಗಳು ಉಪಖಂಡದ ವೈದ್ಯರನ್ನು ನೆಚ್ಚಿಕೊಂಡು ನಡೆದವು. ಅದೇ ಪವೆಲ್ 1968ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಮಾಡಿದ ಭಾಷಣ ಬ್ರಿಟನ್ನಿನ ಜನಾಂಗೀಯ ರಾಜಕಾರಣದಲ್ಲಿ ಕುಖ್ಯಾತವಾಗಿದೆ. ರಾತ್ರಿ ಎರಡು ಗಂಟೆಗೆ ಹಾಸಿಗೆಯ ಬಳಿ ಬೇಕಾದವನು ಹಗಲಿನಲ್ಲಿ ನೆರೆಮನೆಯವನಾಗಿ ಬೇಡವಾಗುವ ಈ ವಿರೋಧಾಭಾಸ ಇಂದಿಗೂ ಜಗತ್ತಿನ ಅನೇಕ ಕಡೆ ಕಾಣಸಿಗುತ್ತದೆ.

1975: ನಲವತ್ತು ಗಂಟೆಯ ಹೋರಾಟ

1966ರಲ್ಲಿ ಕಿರಿಯ ಆಸ್ಪತ್ರೆ ವೈದ್ಯರು ತಮ್ಮದೇ ಪ್ರತ್ಯೇಕ ಸಂಘಟನೆಯೊಂದನ್ನು ಕಟ್ಟಿಕೊಂಡರು. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಹಿರಿಯರ ಹಿತವನ್ನೇ ಹೆಚ್ಚು ಕಾಯುತ್ತದೆ ಎಂಬುದು ಅವರ ಅಸಮಾಧಾನವಾಗಿತ್ತು. ಆ ವೇಳೆಗೆ ಹೌಸ್ ಸರ್ಜನ್‌ನ ಹಳೆಯ ಚಿತ್ರ ಮಾಸಿಹೋಗಿತ್ತು. ಕಿರಿಯ ವೈದ್ಯರಲ್ಲಿ ಮದುವೆಯಾದವರಿದ್ದರು, ಮಕ್ಕಳಿದ್ದವರಿದ್ದರು, ಮಹಿಳೆಯರಿದ್ದರು. ಮೇಲಿನ ಹುದ್ದೆಗಳು ಕಡಿಮೆ ಇದ್ದುದರಿಂದ ಒಂದು ವರ್ಷದ ‘ಕಿರಿತನ’ ಹತ್ತು, ಹನ್ನೆರಡು ವರ್ಷಗಳಿಗೆ ಎಳೆದಿತ್ತು. ಷರತ್ತುಗಳೆಲ್ಲ ಬದಲಾಗಿದ್ದವು. ಬದಲಾಗದೆ ಉಳಿದದ್ದು ದುಡಿಮೆಯ ಕ್ರಮ ಮಾತ್ರ.

ತಮ್ಮ ಒಪ್ಪಂದವೂ ಇತರ ಕೆಲಸಗಾರರಂತೆ ವಾರಕ್ಕೆ 40 ಗಂಟೆಗಳ ಆಧಾರದ ಮೇಲೆ ಇರಬೇಕು, ಅದನ್ನು ಮೀರಿದ ಪ್ರತಿ ಗಂಟೆಗೂ ಹಣ ಸಿಗಬೇಕು ಎಂಬುದು ಅವರ ಬೇಡಿಕೆ. ಲೇಬರ್ ಸರಕಾರದ ಸಚಿವೆ ಬಾರ್ಬರಾ ಕ್ಯಾಸಲ್ ತಾತ್ವಿಕವಾಗಿ ಒಪ್ಪಿದರು. ಆದರೆ ಅದೇ ವರ್ಷ ಹಣದುಬ್ಬರ ತಡೆಯಲು ಸರಕಾರ ಎಲ್ಲರ ವೇತನ ಏರಿಕೆಗೂ ಮಿತಿ ಹಾಕಿತ್ತು. ಹೊಸ ಒಪ್ಪಂದ ಬರಲಿ, ಹೊಸ ಹಣ ಮಾತ್ರ ಇಲ್ಲ ಎಂಬಂತಾಯಿತು. ಇದ್ದ ಹಣವನ್ನೇ ಬೇರೆ ರೀತಿಯಲ್ಲಿ ಹಂಚಿದರೆ ಕೆಲವರ ಸಂಬಳ ಇಳಿಯುತ್ತಿತ್ತು. 1975ರ ಚಳಿಗಾಲದಲ್ಲಿ ದೇಶದ ಅನೇಕ ಕಡೆ ಕಿರಿಯ ವೈದ್ಯರು 40 ಗಂಟೆ ಮಾತ್ರ ದುಡಿಯುತ್ತೇವೆ, ಅದರಾಚೆ ತುರ್ತು ರೋಗಿಗಳನ್ನಷ್ಟೇ ನೋಡುತ್ತೇವೆ ಎಂದು ಘೋಷಿಸಿದರು. ವಾರ್ಡುಗಳು ಮುಚ್ಚಿದವು, ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಎಲ್ಲರಂತೆ ನಲವತ್ತೇ ಗಂಟೆ ದುಡಿದರೆ ಆಸ್ಪತ್ರೆ ನಿಂತೇ ಹೋಗುತ್ತದೆ ಎಂಬ ಸತ್ಯ ಆಗ ಜನರಿಗೆ ತಿಳಿಯಿತು.

ಕೊನೆಗೆ 40 ಗಂಟೆಯ ತತ್ವ ಗೆದ್ದಿತು. ಆದರೆ ಗೆಲುವಿನೊಳಗೆ ಒಂದು ಸೋಲು ಅಡಗಿತ್ತು. ಹೆಚ್ಚುವರಿ ಗಂಟೆಗಳಿಗೆ ನಿಗದಿಯಾದ ದರ ಸಾಮಾನ್ಯ ದರದ ಸುಮಾರು ಮೂರನೇ ಒಂದು ಭಾಗ ಮಾತ್ರ. ಕಾರ್ಖಾನೆಯ ಕಾರ್ಮಿಕನಿಗೆ ಓವರ್‌ಟೈಮ್ ಎಂದರೆ ಒಂದೂವರೆ ಪಟ್ಟು ಕೂಲಿ. ವೈದ್ಯನಿಗೆ ಮೂರರಲ್ಲೊಂದು!

ಈ ದರದ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಆಸ್ಪತ್ರೆಗೆ ವಾರಕ್ಕೆ ಇನ್ನೂ 40 ಗಂಟೆಗಳ ಕೆಲಸ ಬೇಕಾಗಿದೆ ಎಂದಿಟ್ಟುಕೊಳ್ಳಿ. ಇನ್ನೊಬ್ಬ ವೈದ್ಯನನ್ನು ನೇಮಿಸಿದರೆ 40 ಗಂಟೆಗಳ ಸಂಬಳ ಕೊಡಬೇಕು. ಇರುವ ವೈದ್ಯನಿಂದಲೇ ಆ ಕೆಲಸ ಮಾಡಿಸಿದರೆ ಸುಮಾರು 13 ಗಂಟೆಗಳ ಸಂಬಳ ಕೊಟ್ಟರೆ ಸಾಕು. ಯಾವ ಆಡಳಿತಗಾರ ಇನ್ನೊಬ್ಬನನ್ನು ನೇಮಿಸುತ್ತಾನೆ? ಅವನು ಕ್ರೂರಿಯಾಗಿರಬೇಕಾಗಿಲ್ಲ. ಬಜೆಟ್ ಉಳಿಸಬೇಕಾದ ಸಾಮಾನ್ಯ ಮನುಷ್ಯನಾಗಿದ್ದರೂ ಸಾಕು. ಮುಂದಿನ ಹದಿನೈದು ವರ್ಷ ವಾರಕ್ಕೆ 80, 90 ಗಂಟೆ ಆಸ್ಪತ್ರೆಯಲ್ಲಿರುವುದು ಬ್ರಿಟನ್ನಿನ ಕಿರಿಯ ವೈದ್ಯರಿಗೆ ಸಾಮಾನ್ಯ ಸಂಗತಿಯಾಗಿಯೇ ಉಳಿಯಲು ಮುಖ್ಯ ಕಾರಣ ಈ ಲೆಕ್ಕ.

ನ್ಯಾಯಾಲಯದ ಮೆಟ್ಟಿಲು

1980ರ ದಶಕದ ಕೊನೆಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ದುಡಿಯುತ್ತಿದ್ದ ಜಾನ್‌ಸ್ಟೋನ್ ಎಂಬ ಕಿರಿಯ ವೈದ್ಯ ಬ್ಲೂಮ್ಸ್‌ಬರಿ ಆರೋಗ್ಯ ಪ್ರಾಧಿಕಾರದ ವಿರುದ್ಧ ದಾವೆ ಹೂಡಿದರು. ಅವರ ಒಪ್ಪಂದದಲ್ಲಿ ವಾರಕ್ಕೆ 40 ಗಂಟೆಗಳ ಕೆಲಸ, ಅದರ ಮೇಲೆ ಸರಾಸರಿ 48 ಗಂಟೆಗಳವರೆಗೆ ಕರೆದಾಗ ಬರಬೇಕಾದ ಡ್ಯೂಟಿ ಎಂದು ಬರೆದಿತ್ತು. ಕೆಲವು ವಾರ ನೂರು ಗಂಟೆಗಳಿಗಿಂತಲೂ ಹೆಚ್ಚು ದುಡಿದಿದ್ದೇನೆ, ನಿದ್ದೆಯಿಲ್ಲದೆ ಆರೋಗ್ಯ ಕೆಟ್ಟಿದೆ ಎಂಬುದು ಅವರ ವಾದ. ಸಹಿ ಹಾಕಿದ್ದು ನೀವೇ ಅಲ್ಲವೇ ಎಂಬುದು ಪ್ರಾಧಿಕಾರದ ವಾದ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ದಾವೆ ಮುಂದುವರಿಯಬಹುದು ಎಂದಿತು. ಕೆಲಸಗಾರನ ಆರೋಗ್ಯ ಕಾಯುವ ಹೊಣೆಯಿಂದ ಮಾಲೀಕ ಒಪ್ಪಂದದ ಕಾಗದ ತೋರಿಸಿ ಸುಲಭವಾಗಿ ನುಣುಚಿಕೊಳ್ಳಲಾಗದು ಎಂಬ ಸಂದೇಶ ಅದರಿಂದ ಹೊರಟಿತು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು. ಆದರೆ ಇಂದಿಗೂ ಕಾನೂನು ವಿದ್ಯಾರ್ಥಿಗಳು ಅದನ್ನು ಓದುತ್ತಾರೆ.

ಅದೇ 1991ರಲ್ಲಿ ಸರಕಾರ ‘ಹೊಸ ಒಡಂಬಡಿಕೆ’ ಎಂಬ ಹೆಸರಿನಲ್ಲಿ ಮಿತಿ ಹಾಕಿತು. ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲಿರುವುದು ವಾರಕ್ಕೆ 72 ಗಂಟೆ ಮೀರಬಾರದು, ನಿಜವಾದ ದುಡಿಮೆ 56 ಗಂಟೆ ಮೀರಬಾರದು. ಆದರೆ ಈ ಮಿತಿಗಳು ಕಾಗದದಿಂದ ವಾರ್ಡಿಗೆ ಇಳಿಯಲು ಬಹುಕಾಲ ಬೇಕಾಯಿತು. ಉಲ್ಲಂಘಿಸಿದ ಆಸ್ಪತ್ರೆಗೆ ನಷ್ಟವೇನೂ ಇರಲಿಲ್ಲವಲ್ಲ!

ನಿಜವಾದ ಬದಲಾವಣೆ ಬಂದದ್ದು 2000ದ ಡಿಸೆಂಬರ್‌ನಲ್ಲಿ ಜಾರಿಯಾದ ಹೊಸ ವೇತನ ಪದ್ಧತಿಯಿಂದ. ಡ್ಯೂಟಿಗಳನ್ನು ಅವುಗಳ ಉದ್ದ ಮತ್ತು ಕಷ್ಟದ ಪ್ರಕಾರ ದರ್ಜೆಗಳಾಗಿ ವಿಂಗಡಿಸಲಾಯಿತು. ಮಿತಿ ಮೀರಿದ ದರ್ಜೆಗೆ ಅತ್ಯಂತ ಹೆಚ್ಚಿನ ಭತ್ಯೆ. 2002ರ ಕೊನೆಯ ಹೊತ್ತಿಗೆ ಆ ಭತ್ಯೆ ಮೂಲ ವೇತನದ ನೂರಕ್ಕೆ ನೂರರಷ್ಟಾಯಿತು. ಅಂದರೆ ನಿಯಮ ಮುರಿದ ಆಸ್ಪತ್ರೆ ಎರಡು ಪಟ್ಟು ಸಂಬಳ ಕೊಡಬೇಕು. ಹತ್ತು ವರ್ಷ ಸುತ್ತೋಲೆಗಳಿಂದ ಆಗದ ಕೆಲಸ ಈಗ ಆಗತೊಡಗಿತು. ದೀರ್ಘ ಡ್ಯೂಟಿ ದುಬಾರಿಯಾದೊಡನೆ ಆಡಳಿತಗಾರರು ಪಾಳಿಪಟ್ಟಿಗಳನ್ನು ತಿದ್ದಿದರು, ಹೊಸ ವೈದ್ಯರನ್ನು ನೇಮಿಸಿದರು. ಆಸ್ಪತ್ರೆಯಲ್ಲೇ ಇರಬೇಕಾದ ಡ್ಯೂಟಿಯಲ್ಲಿ ವೈದ್ಯ ಮಲಗಿದ್ದರೂ ಅದು ದುಡಿಮೆಯ ಸಮಯವೇ ಎಂದು ಯುರೋಪಿನ ನ್ಯಾಯಾಲಯ 2000 ಮತ್ತು 2003ರಲ್ಲಿ ತೀರ್ಪಿತ್ತಿತು. 2004ರಲ್ಲಿ ಯುರೋಪಿನ ದುಡಿಮೆ ಅವಧಿಯ ನಿಯಮ ಕಿರಿಯ ವೈದ್ಯರಿಗೂ ಅನ್ವಯವಾಗಿ, 2009ರ ಹೊತ್ತಿಗೆ ಸರಾಸರಿ ಮಿತಿ ವಾರಕ್ಕೆ 48 ಗಂಟೆಗೆ ಇಳಿಯಿತು.

ಇದರಿಂದ ಎಲ್ಲವೂ ಸುಗಮವಾಯಿತೆಂದು ಭಾವಿಸಬೇಕಾಗಿಲ್ಲ. ಕಡಿಮೆ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಕಲಿಯುವುದು ಹೇಗೆಂದು ಅನೇಕ ಹಿರಿಯರು ಆತಂಕಪಟ್ಟರು. ಪಾಳಿ ಬದಲಾದಂತೆ ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಮಾಹಿತಿ ತಪ್ಪಿಹೋಗುವ ಅಪಾಯವೂ ಇತ್ತು. ಹಳೆಯ ವ್ಯವಸ್ಥೆಯಲ್ಲಿ ಒಂದೇ ತಂಡದಲ್ಲಿ ದುಡಿಯುವಾಗ ಇದ್ದ ಆಪ್ತತೆ ಕಳೆದುಹೋಯಿತು. ಈ ದೂರುಗಳಲ್ಲಿ ಸತ್ಯಾಂಶವಿದೆ. ಆದರೆ ಇವಕ್ಕೆ ಪರಿಹಾರ ಹೆಚ್ಚು ವೈದ್ಯರು ಮತ್ತು ಉತ್ತಮ ಕಲಿಕೆ. ನಿದ್ದೆಗೆಟ್ಟ ವೈದ್ಯನ ಕೈಗೆ ಕತ್ತರಿ ಕೊಡುವುದು ಪರಿಹಾರವಾಗಲಾರದು.

ಇನ್ನೂ ಮುಗಿಯದ ಅಧ್ಯಾಯ

ಗಂಟೆಗಳು ತಗ್ಗಿದ ಈ ಹೊತ್ತಿನಲ್ಲೇ ಭಾರತೀಯ ವೈದ್ಯರಿಗೆ ಒಂದು ಪೆಟ್ಟು ಬಿತ್ತು. 2006ರಲ್ಲಿ ಸರಕಾರ ವಿದೇಶಿ ವೈದ್ಯರ ತರಬೇತಿಗೆ ಸಂಬಂಧಿಸಿದ ವೀಸಾ ನಿಯಮಗಳನ್ನು ದಿಢೀರನೆ ಬದಲಿಸಿತು. ಸಾಲ ಮಾಡಿ ಪರೀಕ್ಷೆ ಬರೆದು ಅಲ್ಲಿಗೆ ಹೋಗಿದ್ದ ಸಾವಿರಾರು ಯುವ ವೈದ್ಯರ ಭವಿಷ್ಯ ಅತಂತ್ರವಾಯಿತು. ಭಾರತೀಯ ಮೂಲದ ವೈದ್ಯರ ಸಂಘಟನೆಯಾದ ಬಾಪಿಯೋ ನ್ಯಾಯಾಲಯಕ್ಕೆ ಹೋಯಿತು. ಅವರನ್ನು ಬದಿಗೊತ್ತುವಂತೆ ಆಸ್ಪತ್ರೆಗಳಿಗೆ ಆರೋಗ್ಯ ಇಲಾಖೆ ಕೊಟ್ಟಿದ್ದ ಮಾರ್ಗಸೂಚಿ ಕಾನೂನುಬಾಹಿರ ಎಂದು 2008ರ ಏಪ್ರಿಲ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ನೀಡಿತು. ಆ ವೇಳೆಗೆ ಅನೇಕರು ಬರಿಗೈಯಲ್ಲಿ ಊರಿಗೆ ಮರಳಿದ್ದರು.

ಮುಂದೆ ವಿವಾದ ಗಂಟೆಯಿಂದ ಸಂಬಳದ ಕಡೆಗೆ ಹೊರಳಿತು. ಶನಿವಾರದ ದುಡಿಮೆಯನ್ನು ಸಾಮಾನ್ಯ ದುಡಿಮೆಯಂತೆ ಎಣಿಸುವ ಹೊಸ ಒಪ್ಪಂದದ ವಿರುದ್ಧ ಇಂಗ್ಲೆಂಡಿನ ಕಿರಿಯ ವೈದ್ಯರು 2016ರಲ್ಲಿ ಮುಷ್ಕರ ಹೂಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ಆರೋಗ್ಯ ಸೇವೆಯ ಇತಿಹಾಸದಲ್ಲಿ ಮೊದಲ ಬಾರಿಗೆ ತುರ್ತು ವಿಭಾಗದಿಂದಲೂ ಹೊರಬಂದರು. ಆಗ ಹಿರಿಯ ತಜ್ಞರು ಆ ಜಾಗದಲ್ಲಿ ನಿಂತು ರೋಗಿಗಳನ್ನು ನೋಡಿಕೊಂಡರು. ಕಿರಿಯರು ಮತದಾನದಲ್ಲಿ ತಿರಸ್ಕರಿಸಿದರೂ ಸಚಿವ ಜೆರೆಮಿ ಹಂಟ್ ಒಪ್ಪಂದವನ್ನು ಹೇರಿದರು.

2008ರಿಂದ ಬೆಲೆಯೇರಿಕೆಯ ಮುಂದೆ ತಮ್ಮ ಸಂಬಳದ ಮೌಲ್ಯ ಶೇ. 26ರಷ್ಟು ಕುಸಿದಿದೆ ಎಂಬುದು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಮುಂದಿಟ್ಟ ಲೆಕ್ಕ. ಯಾವ ಬೆಲೆ ಸೂಚ್ಯಂಕ ಹಿಡಿಯಬೇಕು ಎಂಬ ಬಗ್ಗೆ ಸರಕಾರ ತಕರಾರು ತೆಗೆಯಿತು. ಹೊಸ ವೈದ್ಯನ ಮೂಲ ವೇತನ ಗಂಟೆಗೆ 14 ಪೌಂಡ್ ಮಾತ್ರ, ಕಾಫಿ ಅಂಗಡಿಯಲ್ಲೂ ಅಷ್ಟು ಗಳಿಸಬಹುದು ಎಂಬ ಪ್ರಚಾರ ದೊಡ್ಡ ಚರ್ಚೆ ಎಬ್ಬಿಸಿತು. ರಾತ್ರಿ ಪಾಳಿಯ ಭತ್ಯೆ ಅದರಲ್ಲಿ ಸೇರಿಲ್ಲ ಎಂಬ ಆಕ್ಷೇಪವೂ ಬಂತು. 2023ರ ಮಾರ್ಚ್‌ನಿಂದ 2024ರ ಜುಲೈವರೆಗೆ ಇಂಗ್ಲೆಂಡಿನಲ್ಲಿ ಒಟ್ಟು 44 ದಿನ ಮುಷ್ಕರ ನಡೆಯಿತು. ಆರೋಗ್ಯ ಸಿಬ್ಬಂದಿಯ ಈ ಮುಷ್ಕರಗಳಿಂದ ಲಕ್ಷಾಂತರ ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ನೋವು ತಿಂದವರು ಬಡ ಮತ್ತು ಮಧ್ಯಮ ವರ್ಗದ ರೋಗಿಗಳು ಎಂಬುದನ್ನು ಮರೆಯಲಾಗದು. 2024ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷಗಳಿಗೆ ಸರಾಸರಿ ಶೇ. 22ರಷ್ಟು ಏರಿಕೆಯನ್ನು ವೈದ್ಯರು ಒಪ್ಪಿಕೊಂಡರು. ‘ಜೂನಿಯರ್’ ಎಂಬ ಪದವನ್ನು ಕೈಬಿಟ್ಟು ‘ರೆಸಿಡೆಂಟ್’ ಎಂದು ಕರೆಯಲೂ ನಿರ್ಧಾರವಾಯಿತು. ವಿಚಿತ್ರವೆಂದರೆ ಈ ಹೊಸ ಪದದ ಅರ್ಥವೂ ‘ಅಲ್ಲೇ ವಾಸಿಸುವವನು’ ಎಂದೇ! 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಮತ್ತೆ ಮುಷ್ಕರ ನಡೆಯಿತು.

ಈಗ ನಮ್ಮ ಕಡೆ ನೋಡೋಣ. 1992ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ನಿರ್ದೇಶನದ ಪ್ರಕಾರ ರೆಸಿಡೆಂಟ್ ವೈದ್ಯರ ನಿರಂತರ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಬ್ರಿಟನ್ ವಾರಕ್ಕೆ 72 ಗಂಟೆಯ ಮಿತಿಗಾಗಿ ಹೆಣಗುತ್ತಿದ್ದ ಕಾಲದಲ್ಲೇ ನಾವು 48 ಎಂದು ಬರೆದಿಟ್ಟಿದ್ದೆವು. ಮೂವತ್ತೆರಡು ವರ್ಷಗಳ ನಂತರ, 2024ರ ಆಗಸ್ಟ್‌ನಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಮೊದಲಿನದನ್ನು ಯಾರೂ ಪಾಲಿಸಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ತಿಂಗಳ 9ರಂದು ಕೋಲ್ಕತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, 36 ಗಂಟೆಗಳ ಪಾಳಿಯ ನಡುವೆ ಎಂದು ವರದಿಯಾದಂತೆ, ತುಸು ವಿಶ್ರಾಂತಿಗೆಂದು ಸೆಮಿನಾರ್ ಕೋಣೆಗೆ ಹೋಗಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ದೇಶವೇ ಆಕ್ರೋಶಗೊಂಡಿತು. ದಣಿದ ವೈದ್ಯೆಗೆ ಬಾಗಿಲು ಹಾಕಿಕೊಂಡು ಮಲಗಲು ಒಂದು ಕೋಣೆಯೂ ಇರಲಿಲ್ಲವೇ ಎಂಬ ಪ್ರಶ್ನೆ ಆಗ ಎಲ್ಲೆಡೆ ಕೇಳಿಬಂತು. ಕರ್ನಾಟಕದಲ್ಲೂ ಕೋವಿಡ್ ಕಾಲದ ಭತ್ಯೆಗಾಗಿ 2021ರಲ್ಲಿ ರೆಸಿಡೆಂಟ್ ವೈದ್ಯರು ಬೀದಿಗಿಳಿಯಬೇಕಾಯಿತು.

ಬ್ರಿಟನ್ನಿನ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಸರಳವಾಗಿದೆ. ಸೇವಾ ಮನೋಭಾವದ ಉಪದೇಶದಿಂದಾಗಲಿ, ಸುತ್ತೋಲೆಗಳಿಂದಾಗಲಿ ಕಿರಿಯ ವೈದ್ಯರ ಡ್ಯೂಟಿ ತಗ್ಗಲಿಲ್ಲ. ಅವರ ಗಂಟೆಗೆ ಬೆಲೆ ಕಟ್ಟಿದಾಗ, ಆ ಬೆಲೆಯನ್ನು ಆಸ್ಪತ್ರೆ ತೆರಬೇಕಾಗಿ ಬಂದಾಗ ಅದು ತಗ್ಗಿತು. ನಮ್ಮಲ್ಲಿ ಮಾಸಿಕ ಸ್ಟೈಪೆಂಡ್ ಒಂದೇ ಮೊತ್ತ. ವಾರಕ್ಕೆ 48 ಗಂಟೆ ದುಡಿದರೂ ಅಷ್ಟೇ, 100 ಗಂಟೆ ದುಡಿದರೂ ಅಷ್ಟೇ. ಎಲ್ಲಿಯವರೆಗೆ 49ನೇ ಗಂಟೆ ಆಸ್ಪತ್ರೆಗೆ ಪುಕ್ಕಟೆಯಾಗಿ ಸಿಗುತ್ತದೋ ಅಲ್ಲಿಯವರೆಗೆ ಹೊಸ ಹುದ್ದೆಗಳು ಸೃಷ್ಟಿಯಾಗುವುದಿಲ್ಲ, ಖಾಲಿ ಹುದ್ದೆಗಳು ತುಂಬುವುದಿಲ್ಲ.

ಸರಕಾರಿ ಆಸ್ಪತ್ರೆಗೆ ಬರುವವರು ಬೇರೆಲ್ಲೂ ಹೋಗಲು ಶಕ್ತಿಯಿಲ್ಲದವರು. ಬಡವರಿಗೆ ಉಚಿತ ಚಿಕಿತ್ಸೆ ಕೊಡುವುದು ಸಮಾಜದ ಹೊಣೆ, ಅದರ ವೆಚ್ಚವನ್ನು ಸಮಾಜವೇ ಹೊರಬೇಕು. ಒಬ್ಬ ಇಪ್ಪತ್ತನಾಲ್ಕರ ಹುಡುಗಿಯ ನಿದ್ದೆಯಿಂದ ಅದನ್ನು ವಸೂಲು ಮಾಡುವುದು ನ್ಯಾಯವಲ್ಲ. ಮುಂದಿನ ಬಾರಿ ನಮ್ಮ ಊರಿನ ಕಿರಿಯ ವೈದ್ಯರು ಫಲಕ ಹಿಡಿದು ಆಸ್ಪತ್ರೆಯ ಗೇಟಿನ ಮುಂದೆ ನಿಂತಾಗ, ರೋಗಿಗಳ ಕಡೆಯವರಾದ ನಾವು ಅವರ ಪಾಳಿಪಟ್ಟಿಯನ್ನೊಮ್ಮೆ ಕೇಳಿ ನೋಡೋಣ. ಆ ಪಟ್ಟಿ ಸರಿಯಾಗುವುದರಲ್ಲಿ ಅವರಿಗಿರುವಷ್ಟೇ ಹಿತ ನಮಗೂ ಇದೆ.